ಬುಗುರಿಗೆ ಯಾಕೆ ಬಂತು

ಮಕ್ಕಳ ವಾರ್ಡಿನ ಹೊರಗಿನ ಬೆಂಚು
ಜೂನ್ ೧೪, ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಕೆಲಸ ಸಿಕ್ಕಿತೆಂದು ಊಟವನ್ನೇ ಮರೆತಿದ್ದೀಯೋ? ನನ್ನ ಮಂಡಿ ಎಂದಿನಂತೆ ಗೊಣಗುತ್ತಿದೆ, ಅದರ ಮಾತು ಬಿಡು. ನಿನಗೆ ಬೇಕಾದದ್ದು ನಿನ್ನ ಚಿಕ್ಕ ಮಗಳು ಬುಗುರಿಯ ಸುದ್ದಿ. ನಿನ್ನೆ ರಕ್ತ ಏರಿಸಿದ ಮೇಲೆ ಅವಳ ತುಟಿಗೆ ಬಣ್ಣ ಬಂದಿದೆ. ಮೂಗಿನಿಂದ ಸುರಿಯುತ್ತಿದ್ದ ರಕ್ತ ನಿಂತಿದೆ. ಎಡವದೆ, ಬೀಳದೆ ಕಾಲಿನ ಮೇಲೆ ಮೂಡುವ ನೀಲಿ ಕಲೆಗಳು ಮಾತ್ರ ಹಾಗೇ ಇವೆ. ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿಬಿಟ್ಟಿದೆಯಂತೆ. ಅಪ್ಲಾಸ್ಟಿಕ್ ಅನೀಮಿಯಾ ಎಂದು ಈಗ ನಾನು ತೊದಲದೆ ಹೇಳಬಲ್ಲೆ, ಅರ್ಥ ಮಾತ್ರ ತಲೆಗೆ ಹತ್ತಿಲ್ಲ.

ಯಾಕೆ ಬಂತು ಎಂದರೆ ಬಾಯಿಗೊಂದು ಮಾತು. ನಿನ್ನ ಹೆಂಡತಿಗೆ ಹೋದ ತಿಂಗಳ ಜ್ವರದ ಮೇಲೆ ಅನುಮಾನ. ನಿನ್ನ ಅತ್ತೆಗೆ ಆ ಜ್ವರಕ್ಕೆ ಕೊಟ್ಟ ಮಾತ್ರೆಯ ಮೇಲೆ. ನೀನಂತೂ ಮನೆಯ ಕೆಳಗಿನ ನಿನ್ನ ಮರದ ಪಾಲಿಶ್ ಅಂಗಡಿಗೆ ಬೀಗ ಜಡಿದು, "ನನ್ನ ಥಿನ್ನರ್ ವಾಸನೇನೇ ಮಗೂನ ತಿಂತು" ಅಂದು ಊರು ಬಿಟ್ಟೆ. ತಡೆಯಲಾರದೆ ಇವತ್ತು ಡಾಕ್ಟರಮ್ಮನನ್ನು ಬಾಗಿಲಲ್ಲೇ ಅಡ್ಡಗಟ್ಟಿದೆ. "ಅಜ್ಜೀ, ಜ್ವರ ತರೋ ವೈರಸ್ ಇರಬಹುದು, ಯಾವುದೋ ಔಷಧಿ, ರಾಸಾಯನಿಕ ಇರಬಹುದು, ಕೆಲವರಿಗೆ ಹುಟ್ಟಿನಿಂದಲೇ ಬರುತ್ತೆ. ಎಷ್ಟೋ ಸಲ ಮೈ ಕಾಯೋ ಶಕ್ತೀನೇ ಮಜ್ಜೆ ಮೇಲೆ ತಿರುಗಿಬೀಳುತ್ತೆ. ಅದು ಯಾಕೆ ಅಂತ ಹೆಚ್ಚಿನ ಮಕ್ಕಳಲ್ಲಿ ಗೊತ್ತೇ ಆಗಲ್ಲ" ಅಂದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರನ್ನು ಕೇಳುವುದು? "ಹಾಗಾದ್ರೆ ನನ್ನ ಮಗನ ಪಾಲಿಶ್ ಅಲ್ಲ ತಾನೇ?" ಎಂದೆ. "ಅಲ್ಲ ಅಂತ ಆಣೆ ಮಾಡೋಕಾಗಲ್ಲ, ಹೌದು ಅನ್ನೋಕೂ ಆಗಲ್ಲ" ಅಂದರು. ಒಂದು "ಅಲ್ಲ" ಸಿಕ್ಕಿದ್ದರೆ ನಿನಗೆ ಕಳಿಸುತ್ತಿದ್ದೆ. ಸಿಗಲಿಲ್ಲ ಕಣೋ. ಸುಳ್ಳು ಬರೆಯಲು ಕೈ ಏಳದು. ಆದರೆ ಗೊತ್ತಿಲ್ಲದ್ದಕ್ಕೆ ನಿನ್ನೊಬ್ಬನಿಗೇ ಶಿಕ್ಷೆ ಯಾಕೆ, ಅದೂ ನನಗೆ ತಿಳಿಯುತ್ತಿಲ್ಲ.

ನಿನ್ನ ಕಣ್ಣಿಗೆ ನಿದ್ದೆ ಹತ್ತಲಿ, ಮನಸ್ಸಿಗೆ ತಂಪಾಗಲಿ.

ನಿನ್ನ ಅಮ್ಮ

ತಾಳು, ಲಕೋಟೆ ಅಂಟಿಸುವಷ್ಟರಲ್ಲಿ ಸೊಸೆ ಓಡಿ ಬಂದಳು. ನಿನ್ನ ದೊಡ್ಡ ಮಗಳ ಮಜ್ಜೆ ತಂಗಿಗೆ ಪೂರ್ತಿ ಹೊಂದುತ್ತದಂತೆ! ಅವಳಿಂದ ತೆಗೆದು ಇವಳಿಗೆ ಕೊಡುತ್ತಾರಂತೆ. ಖುಷಿಯಿಂದ ಬುಗುರಿಗೆ ಹೇಳಲು ಹೋದರೆ ಅವಳು ಕೇಳಿದ್ದೇ ಬೇರೆ: "ಅಜ್ಜಿ, ನಂಗೆ ಕಾಯಿಲೆ ಬಂತು ಅಂತ ತಾನೇ ಅಪ್ಪ ಬಿಟ್ಟುಹೋಗಿದ್ದು?" ಇದಕ್ಕೆ ಉತ್ತರ ಡಾಕ್ಟರಮ್ಮನ ಹತ್ತಿರ ಇಲ್ಲ. ನೀನೇ ಬಂದು ಹೇಳು.