ಕೈಗೇ ಕೊಡಬೇಕಾದ ಕಾಗದ

ಅಪ್ಪಾ,

ಸಾದಾ ಅಂಚೆಯಲ್ಲಿ ಹಾಕೋಕೆ ನಿನಗೇನು ಧಾಡಿ ಬಂದಿತ್ತು? ನಮ್ಮ ಗಲ್ಲಿಯ ಮನೆಗಳಿಗೆ ನಂಬರಿಲ್ಲ. ಅಂಚೆಯವನು ಎಲ್ಲರ ಕಾಗದವನ್ನೂ ದಿನಸಿ ಅಂಗಡಿ ಅಲ್ಲಾಲನ ಕೈಗೆ ಕೊಟ್ಟು ಹೋಗುತ್ತಾನೆ. ನೀನು ಮಾತ್ರ ನಿನ್ನೂರು ಉಜ್ದಾದಿಂದ ರಿಜಿಸ್ಟರ್ ಮಾಡಿಸಿದೆ, ಮಗಳ ಕೈಗೇ ಕೊಡಬೇಕು ಅಂತ. ಅದಕ್ಕೇ ಅಂಗಡಿಗೆ ಬಂದದ್ದು, ಕಚೇರಿಗೆ ಬಂದು ಕಾಗದ ತಗೊಂಡು ಹೋಗಿ ಅನ್ನೋ ಬರೀ ಒಂದು ಚೀಟಿ.

ಇವತ್ತು ನಮ್ಮೂರು ಸೆಫ್ರೂವಿನ ಅಂಚೆ ಕಚೇರಿಯಲ್ಲಿ ಕೂಗಾಡಿ ಬಂದೆ. ಕಿಟಕಿಯ ಹಿಂದಿನವನು ತಲೆಯನ್ನೂ ಎತ್ತಲಿಲ್ಲ.

"ಹದಿನೈದು ದಿನ ಇಟ್ಕೋತೀವಿ, ಆಮೇಲೆ ಕಳಿಸಿದವ್ರಿಗೇ ವಾಪಸ್. ನಿನ್ನೆ ಹೋಯ್ತು."

"ಕಳಿಸಿದವ್ರು ಹೋದ ವಾರ ತೀರ್ಕೊಂಡ್ರು ಕಣಯ್ಯಾ! ಮಣ್ಣು ಮಾಡಿ ನಿನ್ನೆ ರಾತ್ರಿಯಷ್ಟೇ ಬಂದೆ. ನಾನವ್ರ ಮಗಳು. ಅದು ನಂದು!"

"ನಿಮ್ಮ ಕೈ ಸೇರೋವರೆಗೂ ಅದು ಅವ್ರದ್ದೇ ಅಮ್ಮಾ. ನಿಯಮ ಇರೋದೇ ಹಾಗೆ."

ಅವನ ನಿಯಮಕ್ಕಿಷ್ಟು ಬೆಂಕಿ ಹಾಕ!

ಬರುವಾಗ ಅಲ್ಲಾಲನ ಮೇಲೂ ಹರಿಹಾಯ್ದೆ. "ಚೀಟಿ ಬಂದಾಗ ಮನೆಗೆ ತಂದುಕೊಡೋಕೆ ನಿನ್ನ ಕಾಲಿಗೇನಾಗಿತ್ತು?"

ಅವನು ಸಕ್ಕರೆ ಅಚ್ಚುಗಳ ಸಂದಿಯಿಂದ ಚೀಟಿ ಎಳೆದು, ಮೆಲ್ಲಗೆ ನನ್ನ ಮುಂದಿಟ್ಟ.

"ಅಪ್ಪನ ಕಾಗದ ಬಂದಿದೆ ಅಂತ ದಿನಾ ಹೇಳ್ದೆನಲ್ಲ, ಬತೂಲ್. 'ಅಲ್ಲೇ ಬಿದ್ದಿರ್ಲಿ, ಸ್ವಲ್ಪ ಕಾಯ್ಲಿ ಮುದ್ಕ' ಅಂದವಳು ನೀನೇ ಅಲ್ವಾ?"