ಮಲಗಿಸಿ ತೆಗೆದ ಅಳತೆ

ಇರುಳಿಗರ ಕಾಲೋನಿ, ಕುಣಿಗಲ್ ತಾಲ್ಲೂಕು
೧೨ ನವೆಂಬರ್ ೨೦೨೪

ಮಗಳು ಇಂಪನಾಗೆ ನಿನ್ನ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಬಹಳ ದಿನದಿಂದ ಕಾಗದ ಹಾಕಿಲ್ಲ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಹೊರಟರೆ ಸಿಟ್ಟಿಗೆ ನನಗೆ ಮಾತೇ ಹೊರಡುವುದಿಲ್ಲ, ನೀನೂ "ಆಮೇಲೆ ಮಾಡ್ತೀನಿ ಕಣಮ್ಮ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅಜ್ಜಿ ಊಟ ಬಿಟ್ಟಿದ್ದಾಳೆ. ಗಂಜಿ ಹಿಡಿದರೂ ಮುಖ ತಿರುಗಿಸುತ್ತಾಳೆ. ನೀನು ಬಂದು ಬಾಯಿಗಿಟ್ಟರೆ ಉಂಡಾಳು.

ಮೊನ್ನೆ ಶುಕ್ರವಾರ ತುಮಕೂರಿನಿಂದ ನಿನ್ನ ಕಾಲೇಜಿನವರೇ ವ್ಯಾನಿನಲ್ಲಿ ಬಂದಿದ್ದರು. ಕಾಡಿನ ಜನರ ಮೈಯಲ್ಲಿ ಕೊಬ್ಬು ಎಷ್ಟಿದೆ ಎಂದು ನೋಡಬೇಕಂತೆ. ಅಂಗನವಾಡಿ ಜಗಲಿಯಲ್ಲಿ, ಗಂಡಸರ ಎದುರೇ, ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಸೊಂಟಕ್ಕೆ ಟೇಪು ಸುತ್ತಿದರು. ತೋಳಿನ ಹಿಂದಿನ ಚರ್ಮವನ್ನು ಇಕ್ಕಳದಂಥ ಸಾಮಾನಿನಲ್ಲಿ ಹಿಡಿದು ಎಷ್ಟು ದಪ್ಪ ಎಂದು ಒಬ್ಬ ಕೂಗುವುದು, ಇನ್ನೊಬ್ಬಳು ಬರೆದುಕೊಳ್ಳುವುದು. ಸಂತೆಯಲ್ಲಿ ಕುರಿ ಕೊಳ್ಳುವವರೂ ಬೆನ್ನು ಸವರಿ ಸುಮ್ಮನಾಗುತ್ತಾರೆ, ಹೀಗೆ ಕೂಗುವುದಿಲ್ಲ. ಪಕ್ಕದ ಮನೆ ರುದ್ರಯ್ಯ ತಡೆಯಲಾರದೆ ಕೇಳಿಯೇಬಿಟ್ಟ: "ಕಾಡಿಂದ ಎಬ್ಬಿಸ್ದಾಗ ಯಾರೂ ನಮ್ ಹೊಟ್ಟೆ ಅಳೀನಿಲ್ಲ. ಈಗ್ಯಾಕ್ ಸ್ವಾಮಿ?" ಅವರು ನಕ್ಕು, ತಲೆಗೊಂದು ಸೋಪು ಕೊಟ್ಟರು. ಸೋಪು! ನಾವೇನು ನಾರುತ್ತಿದ್ದೆವೇ?

ಆಮೇಲೆ ಅಜ್ಜಿಯ ಸರದಿ. ಗೂನು ಬೆನ್ನು, ನೆಟ್ಟಗೆ ನಿಲ್ಲಲಾಗದು. "ಪರವಾಗಿಲ್ಲ ಅಜ್ಜಿ, ಮಲಕ್ಕೊಳಿ" ಎಂದು ಚಾಪೆಯ ಮೇಲೆ ಮಲಗಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಟೇಪು ಎಳೆದರು. ನಮ್ಮಲ್ಲಿ ಮಲಗಿಸಿ ಅಳೆಯುವುದು ಹೆಣವನ್ನು ಮಾತ್ರ, ಗುಂಡಿ ತೋಡುವ ಮೊದಲು. ನಿನ್ನ ತಾತನನ್ನು ಕಾಡುಹಂಬಿನಲ್ಲಿ ಅಳೆದಾಗ ನೀನೂ ನನ್ನ ಸೆರಗು ಹಿಡಿದು ನಿಂತಿದ್ದೆ. "ಬ್ಯಾಡ ಬುಡ್ರಪ್ಪ, ಹಂಗೆ ಅಳೆಯಂಗಿಲ್ಲ" ಎಂದು ನಾನು ಕೂಗಿದೆ. ಅವರ ಮೇಷ್ಟ್ರು "ಅದೆಲ್ಲಾ ಮೂಢನಂಬಿಕೆ ಕಣಮ್ಮ" ಎಂದರು. ಬದುಕಿರುವವಳನ್ನು ಹೆಣದಂತೆ ಮಲಗಿಸಿದವರು ಅವರು, ಮೂಢರು ಮಾತ್ರ ನಾವು!

ಮನೆಗೆ ಬಂದವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಾಳೆ. ಉಣ್ಣವ್ವ ಎಂದರೆ, "ಅಳ್ತೆ ಆಯ್ತಲ್ಲ, ಇನ್ಯಾತಕ್ಕೆ ಕೂಳು?" ಅನ್ನುತ್ತಾಳೆ. ಕುಣಿಗಲ್ಲಿಗೆ ಕರೆದೊಯ್ದು ಗ್ಲೂಕೋಸ್ ಹಾಕಿಸಿದೆ. ಅದು ಎಷ್ಟು ದಿನ ಹಿಡಿದೀತು?

ಸೋಮವಾರ ಅವರು ಮತ್ತೆ ಬರುತ್ತಾರಂತೆ. ನಾನಂತೂ ತೋಳು ಕೊಡುವುದಿಲ್ಲ, ಯಾರು ಬಂದು ಹೇಳಿದರೂ ಅಷ್ಟೇ. ರುದ್ರಯ್ಯ ನಾಳೆ ಮೊದಲ ಬಸ್ಸಿಗೆ ತುಮಕೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಅವನ ಜೊತೆಗೇ ಹೊರಟು ಬಾ. ಬರದಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿ ಓದು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಮ್ಮ,
ಹನುಮಂತಮ್ಮ

ಮತ್ತೆ: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಟೇಪು ಹಿಡಿದಿದ್ದ ಹುಡುಗಿಗೆ, "ನಮ್ ಇಂಪನಾನೂ ನಿಮ್ ಕಾಲೇಜೇ ಕಣವ್ವ" ಎಂದೆ, ಹೆಮ್ಮೆಗೆ. "ಯಾವ ಇಂಪನಾ? ನಮ್ ಕ್ಲಾಸಲ್ಲಿರೋಳು ಹೆಬ್ಬೂರೋಳು, ಅವ್ರದು ತೆಂಗಿನ ತೋಟ ಇದೆ" ಎಂದು ಅವಳು ಫೋನಿನಲ್ಲಿ ಫೋಟೋ ತೋರಿಸಿದಳು. ನೀನೇ. "ಇವ್ಳಲ್ಲ ಬುಡವ್ವ, ನಮ್ಮೋಳು ಬೇರೆ" ಎಂದುಬಿಟ್ಟೆ. ಅಜ್ಜಿ ಅಲ್ಲೇ ಮಲಗಿದ್ದಳು, ಫೋಟೋ ಅವಳಿಗೂ ಕಂಡಿತ್ತು. ಮನೆಗೆ ಬಂದ ಮೇಲೆ ಕೇಳಿದಳು: "ಅದು ನಮ್ ಕೂಸಲ್ವೇನೇ?" ಅವಳಿಗೂ ಅಲ್ಲ ಎಂದೆ. ಅವಳು ಊಟ ಬಿಟ್ಟಿದ್ದು ಆಗಿನಿಂದ, ಇಂಪನಾ.