ನಮ್ಮಿಬ್ಬರಲ್ಲೇ ಇರಲಿ

ನುಗೇಗೊಡ, ಕೊಲಂಬೊ
ಗುರುವಾರ, 18 ಜೂನ್ 1998

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಪುಟ್ಟಿಯ ಕೆಮ್ಮು ಇಳಿಯಿತೇ? ಪೊಸೊನ್ ಹುಣ್ಣಿಮೆಗೆ ನೀವೆಲ್ಲ ಬರುತ್ತೀರೆಂದು ಅಮ್ಮ ಹಾಲನ್ನ ಮಾಡಿಟ್ಟು ಕಾದಿದ್ದಳು. ಬರಲಿಲ್ಲವೆಂದು ಬೇಸರವೇನೂ ಇಲ್ಲ, ಆದರೆ ಆ ಹಾಲನ್ನವನ್ನು ಎರಡು ದಿನ ನಾನೊಬ್ಬನೇ ತಿನ್ನಬೇಕಾಯಿತು. ಅಮ್ಮನ ಮಂಡಿನೋವು ಹಾಗೇ ಇದೆ. ಎಣ್ಣೆ ತಿಕ್ಕಿಕೊಳ್ಳುತ್ತಾಳೆ, ವೈದ್ಯರ ಹತ್ತಿರ ಮಾತ್ರ ಬರುವುದಿಲ್ಲ. ಭಾವ ಆರೋಗ್ಯವೇ? ಅವರಿರುವ ನಮ್ಮ ಚಹಾ ಕಂಪನಿಯ ಕ್ಯಾಂಡಿ ಶಾಖೆಯಲ್ಲಿ ಇಲ್ಲಿನಷ್ಟು ಗೋಳಿಲ್ಲವೆಂದು ಕೇಳಿದ್ದೇನೆ. ಹಾಗಿದ್ದರೆ ಅವರು ಪುಣ್ಯವಂತರು.

ಫೋನು ಮಾಡದೆ ಕಾಗದ ಬರೆಯುತ್ತಿದ್ದಾನಲ್ಲ ಎಂದುಕೊಳ್ಳಬೇಡ. ಈಚೆಗೆ ಫೋನಿನಲ್ಲಿ ಮಾತಾಡಲು ಮನಸ್ಸಾಗುವುದಿಲ್ಲ. ಕಚೇರಿಯಲ್ಲಂತೂ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಹಳೆಯ ಮ್ಯಾನೇಜರು ನಿನಗೆ ಗೊತ್ತಲ್ಲ, ನಿನ್ನ ಮದುವೆಯಲ್ಲಿ ಮೂರು ಸಲ ಬಡಿಸಿಕೊಂಡವರು. ಅವರು ಬೆಳಿಗ್ಗೆ ಚಹಾದ ಬಟ್ಟಲುಗಳ ಸಾಲಿನ ಮುಂದೆ ನಿಂತು ಹೊಗಳುವುದನ್ನೂ ಬಯ್ಯುವುದನ್ನೂ ಎಲ್ಲರ ಎದುರೇ ಮುಗಿಸಿಬಿಡುತ್ತಿದ್ದರು. ಬೈಸಿಕೊಂಡವನು ಮಧ್ಯಾಹ್ನದ ಊಟದ ಹೊತ್ತಿಗೆ ಮರೆತಿರುತ್ತಿದ್ದ. ಅವರ ಜಾಗಕ್ಕೆ ಸಾಬೂನಿನ ಕಂಪನಿಯಿಂದ ಬಂದ ಈ ವಿಜೇನಾಯಕರು ಅದನ್ನೆಲ್ಲ ನಿಲ್ಲಿಸಿದರು. ಈಗ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ, ಬಾಗಿಲು ಮುಚ್ಚುತ್ತಾರೆ, ತಾವೇ ಬಿಸ್ಕತ್ತಿನ ತಟ್ಟೆ ಮುಂದಿಡುತ್ತಾರೆ, ಕೊನೆಗೆ "ಇದು ನಮ್ಮಿಬ್ಬರಲ್ಲೇ ಇರಲಿ ಅಸಿತ" ಅನ್ನುತ್ತಾರೆ. ಹೊರಗೆ ಕೂತವರು ಗಡಿಯಾರ ನೋಡುತ್ತಿರುತ್ತಾರೆ. ಒಳಗಿದ್ದವನು ನಗುತ್ತ ಬಂದರೆ ಒಂದು ಅರ್ಥ, ನಗದೆ ಬಂದರೆ ಇನ್ನೊಂದು.

ನನಗೆ ಅವರು ಹೇಳಿದ್ದಿಷ್ಟು. ಚಹಾದ ರುಚಿ ನೋಡುವ ನಮ್ಮ ವಿಭಾಗ, ತಿಲಕಸಿರಿಯ ಹರಾಜು ವಿಭಾಗ, ಮಿಸೆಸ್ ಯಾನ್ಸ್ ಅವರ ಲೆಕ್ಕಪತ್ರ, ಮೂರನ್ನೂ ಸೇರಿಸಿ ಒಬ್ಬರ ಕೈಗೆ ಕೊಡುತ್ತಾರಂತೆ, ಆ ಒಬ್ಬ ನಾನಂತೆ. "ಉಳಿದಿಬ್ಬರಿಗೆ ನಿನ್ನ ಮೇಲೆ ಅಷ್ಟು ಒಳ್ಳೆಯ ಅಭಿಪ್ರಾಯ ಇಲ್ಲ, ಹುಷಾರಾಗಿರು" ಎಂದೂ ಸೇರಿಸಿದರು. ಅಕ್ಕಾ, ತಿಲಕಸಿರಿ ಮತ್ತು ನಾನು ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಅವನ ಡಬ್ಬಿಯ ಕಾಯಿಸಂಬೋಲದ ಚಟ್ನಿಗೆ ನಾನು ಕೈ ಹಾಕದ ದಿನವಿಲ್ಲ. ಆದರೂ ಅಂದಿನಿಂದ ಅವನು ನಕ್ಕರೆ ಯಾಕೆ ನಕ್ಕ ಎಂದು ಯೋಚಿಸತೊಡಗಿದೆ. ಅವನೂ ನನ್ನನ್ನು ಹಾಗೇ ನೋಡುತ್ತಿದ್ದ. ಡಬ್ಬಿ ಬೇರೆ ಬೇರೆ ಮೇಜಿಗೆ ಹೋಯಿತು.

ಕೊನೆಗೆ ಬಾಯಿ ಬಿಟ್ಟವರು ಮಿಸೆಸ್ ಯಾನ್ಸ್. ವಯಸ್ಸಾದ ಹೆಂಗಸು, ಯಾರಿಗೂ ಅಂಜುವವರಲ್ಲ. ಹೋದ ಶುಕ್ರವಾರ ಕೆಲಸ ಮುಗಿದ ಮೇಲೆ ನಮ್ಮಿಬ್ಬರನ್ನೂ ಗಾಲ್ ಫೇಸ್‌ನ ಕಡಲ ದಂಡೆಗೆ ಎಳೆದುಕೊಂಡು ಹೋದರು. "ಮಕ್ಕಳಾ, ಆ ಮನುಷ್ಯ ನನಗೊಂದು ಕುರ್ಚಿ ಕೊಡ್ತೀನಿ ಅಂದಿದಾನೆ. ನಿಮಗೂ ಅದನ್ನೇ ಕೊಟ್ಟನಾ?" ಎಂದು ನೇರವಾಗಿ ಕೇಳಿದರು. ತಿಲಕಸಿರಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆಮೇಲೆ ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಸೋಮವಾರ ಒಟ್ಟಿಗೇ ವಿಜೇನಾಯಕರ ಕೋಣೆಗೆ ಹೋಗಿ, ಆ ಕೆಲಸ ಯಾರಿಗೆ, ಯಾವ ಆಧಾರದ ಮೇಲೆ ಎಂಬುದನ್ನು ಎಲ್ಲರ ಎದುರು ಹೇಳಿ ಎಂದು ಕೇಳುವುದಾಗಿ ನಿಶ್ಚಯಿಸಿದೆವು. ಬಹಳ ದಿನಗಳ ಮೇಲೆ ನಾನು ಹಗುರಾಗಿ ಮನೆಗೆ ಬಂದೆ. ಶನಿವಾರ ಅಂಗಡಿಯ ಫೋನಿನಿಂದ ನಿನಗೆ ಅದನ್ನೆಲ್ಲ ಹೇಳಿದಾಗ ನನ್ನ ಸ್ವರದಲ್ಲೇ ನಿನಗೆ ಗೊತ್ತಾಗಿರಬೇಕು.

ಸೋಮವಾರ ನಾವು ನಮ್ಮ ಮೇಜು ಬಿಟ್ಟು ಏಳುವ ಮೊದಲೇ ವಿಜೇನಾಯಕರು ತಿಲಕಸಿರಿಯನ್ನು ಕರೆದರು. "ಮೂವರೂ ಒಟ್ಟಿಗೆ ಬರುವವರಿದ್ದಿರಂತೆ. ನೀನೊಬ್ಬನೇ ಬಂದರೂ ಸಾಕು" ಅಂದರಂತೆ. ಮಧ್ಯಾಹ್ನದೊಳಗೆ ಅವನಿಗೆ ಪೇಲಿಯಗೊಡದ ಗೋದಾಮಿಗೆ ವರ್ಗವಾಯಿತು. ಅಲ್ಲಿ ಹರಾಜಿಲ್ಲ, ವ್ಯಾಪಾರಿಗಳಿಲ್ಲ, ಬರೀ ಮೂಟೆಗಳು. ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ ನನ್ನ ಮೇಜಿನ ಹತ್ತಿರ ನಿಂತು, "ಮಚಾನ್, ಆ ಕುರ್ಚಿ ನಿನಗೇ ಬೇಕು ಅಂತ ಹೇಳಿದ್ರೆ ನಾನೇ ಎತ್ತಿ ಕೂರಿಸ್ತಿದ್ನಲ್ಲೋ" ಎಂದ. ನಾನಲ್ಲ ಅಂದೆ. ಅವನು ಕೇಳಿಸಿಕೊಳ್ಳಲಿಲ್ಲ.

ವಿಜೇನಾಯಕರಿಗೆ ಸುದ್ದಿ ಮುಟ್ಟಿಸಿದ್ದು ನಾನಲ್ಲ, ತಿಲಕಸಿರಿಯಂತೂ ಅಲ್ಲ. ಉಳಿದವರು ಯಾರು? ಮಿಸೆಸ್ ಯಾನ್ಸ್ ಲೆಕ್ಕದ ಕಡತ ಹಿಡಿದು ಆ ಕೋಣೆಗೆ ದಿನಾ ಹೋಗುವವರು. ನಮ್ಮನ್ನು ಕಡಲ ದಂಡೆಗೆ ಕರೆದೊಯ್ದವರೂ ಅವರೇ. ನಮ್ಮ ಬಾಯಿ ಬಿಡಿಸಲೆಂದೇ ಕರೆದೊಯ್ದಿರಬಹುದು ಎಂದು ಈಗ ಅನ್ನಿಸುತ್ತಿದೆ. ನಿನ್ನೆ ಅವರು ಎಂದಿನಂತೆ ರವೆ, ಗೋಡಂಬಿಯ ಕೇಕು ತಂದು ನನ್ನ ಮುಂದಿಟ್ಟರು. ನಾನು ಬೇಡವೆಂದು ತಟ್ಟೆಯನ್ನು ಹಿಂದಕ್ಕೆ ಸರಿಸಿದೆ. "ನನ್ನ ಕೈಯ ತಿಂಡಿ ಯಾವಾಗಿನಿಂದ ಕಹಿಯಾಯ್ತು ಮಗನೇ?" ಎಂದು ಕೇಳಿದರು. "ಸೋಮವಾರದಿಂದ" ಎಂದೆ, ಸುತ್ತಲಿನವರಿಗೆಲ್ಲ ಕೇಳುವಂತೆ. ಅವರು ತಟ್ಟೆ ಎತ್ತಿಕೊಂಡು ತಮ್ಮ ಮೇಜಿಗೆ ಹೋದರು. ಇಂದು ಅವರು ಕೆಲಸಕ್ಕೆ ಬಂದಿಲ್ಲ. ಬಿಟ್ಟೇ ಹೋಗುತ್ತಾರಂತೆ ಎಂಬ ಮಾತಿದೆ. ನಾನು ಸರಿಯಾಗಿಯೇ ಹೇಳಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನೀನೂ ಒಂದು ಸಲ ಹಾಗೆ ಹೇಳಿದರೆ ಸಮಾಧಾನವಾಗುತ್ತದೆ.

ರಂಬುಟಾನ್ ಹಣ್ಣು ಚೆನ್ನಾಗಿ ಬಂದಿದೆ, ಯಾರಾದರೂ ಆ ಕಡೆ ಹೋಗುವವರಿದ್ದರೆ ಕಳಿಸುತ್ತೇನೆ. ಪುಟ್ಟಿಗೆ ಮುತ್ತು, ಭಾವನಿಗೆ ನಮಸ್ಕಾರ. ತ್ರಿರತ್ನಗಳ ಆಸರೆ ನಿಮ್ಮೆಲ್ಲರ ಮೇಲಿರಲಿ.

ನಿನ್ನ ತಮ್ಮ,
ಅಸಿತ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಮ್ಮ ಪಕ್ಕದ ಮನೆಯಿಂದ ಓಡಿಬಂದಳು, ಮಂಡಿನೋವನ್ನೂ ಮರೆತು. ನೀನು ಅಲ್ಲಿಗೆ ಫೋನು ಮಾಡಿದ್ದೆಯಂತೆ, ಭಾವ ಕ್ಯಾಂಡಿ ಶಾಖೆಯ ಮುಖ್ಯಸ್ಥರಾದರಂತೆ, ವಿಜೇನಾಯಕರು ಮಂಗಳವಾರವೇ ಆದೇಶಕ್ಕೆ ಸಹಿ ಹಾಕಿದರಂತೆ. ಅಮ್ಮ ಬುದ್ಧನ ಮುಂದೆ ದೀಪ ಹಚ್ಚುತ್ತಿದ್ದಾಳೆ. ಅಕ್ಕಾ, ಒಂದೇ ಒಂದು ಮಾತು. ಶನಿವಾರ ನಾನು ಫೋನಿನಲ್ಲಿ ಹೇಳುತ್ತಿದ್ದಾಗ ಭಾವ ನಿನ್ನ ಪಕ್ಕದಲ್ಲಿದ್ದರೇ? ಇಲ್ಲದಿದ್ದರೆ ಆಮೇಲೆ ನೀನು ಅವರಿಗೆ ಹೇಳಿದೆಯಾ? ಗಂಡನಿಗೆ ಹೇಳಿದ್ದು ತಪ್ಪೆಂದು ನಾನು ಅನ್ನುವುದಿಲ್ಲ. ಮಿಸೆಸ್ ಯಾನ್ಸ್ ಅವರ ಮನೆ ಬಾಗಿಲಿಗೆ ನಾನು ಹೋಗಬೇಕೋ ಬೇಡವೋ ಅಷ್ಟು ತಿಳಿಯಬೇಕು. ಲಕೋಟೆಯ ಮೇಲೆ ನಿಮ್ಮ ಮನೆಯ ವಿಳಾಸ ಹೊಡೆದುಹಾಕಿ, ನೀನು ಪಾಠ ಹೇಳುವ ಶಾಲೆಯ ವಿಳಾಸ ಬರೆದಿದ್ದೇನೆ.